ವೆಂಕಟಗಿರಿಯ ಇಪ್ಪತ್ತು ನಿಮಿಷ

ಬೆಂಗಳೂರಿನ ವಿಜಯನಗರದ ವೆಂಕಟಗಿರಿ ನಲವತ್ತೆಂಟು ವರ್ಷ ಯಾರೊಂದಿಗೂ ಜಗಳವಾಡದೆ ಬದುಕಿದ್ದ. ಇದನ್ನು ಅವನೇ ಹೇಳಿಕೊಳ್ಳುತ್ತಿದ್ದ, ಕೆಲವರು ತಮ್ಮ ಹಲ್ಲು ಒಂದೂ ಬಿದ್ದಿಲ್ಲ ಎಂದು ಹೇಳಿಕೊಳ್ಳುವ ಹಾಗೆ. ಮನೆ ಕಟ್ಟಿಸುವಾಗ ಅಡುಗೆಮನೆಯ ಪೂರ್ವದ ಗೋಡೆಗೆ ಬಾಗಿಲಿರಬೇಕು ಎಂದು ತಾಯಿ, ಕಿಟಕಿ ಇರಬೇಕು ಎಂದು ಹೆಂಡತಿ ಅನಂತಲಕ್ಷ್ಮಿ ಹಟ ಹಿಡಿದಾಗ ಅವನು ಎರಡನ್ನೂ ಇಡಿಸಿದ. ಆಮೇಲೆ ಆ ಗೋಡೆಯಲ್ಲಿ ಒಂದು ಮೊಳೆ ಹೊಡೆಯಲೂ ಜಾಗ ಉಳಿಯಲಿಲ್ಲ. ಸ್ಟೌವನ್ನು ಎಲ್ಲಿಟ್ಟರೂ ಗಾಳಿ ಬಡಿದು ಆರುತ್ತಿತ್ತು. ತಾಯಿ ತೀರಿಕೊಂಡು ಹತ್ತು ವರ್ಷವಾದ ಮೇಲೂ ಅನಂತಲಕ್ಷ್ಮಿ ರಟ್ಟು ಅಡ್ಡ ಇಟ್ಟುಕೊಂಡೇ ಹಾಲು ಕಾಯಿಸುತ್ತಿದ್ದಳು. ಆದರೆ ಅತ್ತೆ ಸೊಸೆ ಒಂದು ದಿನವೂ ಮಾತು ಬಿಟ್ಟಿರಲಿಲ್ಲ, ಅದನ್ನೂ ಹೇಳಬೇಕು.

ಈ ವಿದ್ಯೆಯನ್ನು ಅವನು ಕಲಿತದ್ದು ಪಂಚಾಂಗದಿಂದ. ಕಾಮಾಕ್ಷಿಪಾಳ್ಯದ ಮುದ್ರಣಾಲಯವೊಂದರಲ್ಲಿ ಇಪ್ಪತ್ತೆರಡು ವರ್ಷ ಪ್ರೂಫ್ ನೋಡುತ್ತಿದ್ದ. ಪ್ರತಿವರ್ಷ ಪಂಚಾಂಗದ ಕರಡು ಇಬ್ಬರು ಪಂಡಿತರ ಮನೆಗೆ ಎರಡು ಪ್ರತಿಯಾಗಿ ಹೋಗುತ್ತಿತ್ತು. ಇಬ್ಬರೂ ತಮತಮಗೆ ತೋಚಿದ್ದನ್ನು ತಿದ್ದಿ ಕಳಿಸುತ್ತಿದ್ದರು. ಎರಡು ಪ್ರತಿಗಳ ತಿದ್ದುಪಡಿಯನ್ನೂ ಒಂದೇ ಪ್ರತಿಗೆ ಇಳಿಸುವುದು ವೆಂಕಟಗಿರಿಯ ಕೆಲಸ. ಬೇರೆಬೇರೆ ಸಾಲು ತಿದ್ದಿದ್ದರೆ ಸಲೀಸು, ಎರಡನ್ನೂ ಸೇರಿಸಿದರಾಯಿತು. ಒಂದೇ ಸಾಲನ್ನು ಇಬ್ಬರೂ ತಿದ್ದಿದಾಗ, ಅವನ ಜಾಗದಲ್ಲಿ ಇನ್ನೊಬ್ಬನಿದ್ದರೆ ಇಬ್ಬರನ್ನೂ ಕರೆದು ಕೂರಿಸಿ ಕೇಳುತ್ತಿದ್ದ. ಇವನು ಹಾಗೆ ಮಾಡುತ್ತಿರಲಿಲ್ಲ. ಏಕಾದಶಿಯನ್ನೇ ಸ್ಮಾರ್ತರಿಗೊಂದು ದಿನ, ವೈಷ್ಣವರಿಗೊಂದು ದಿನ ಎಂದು ಹಂಚಿಕೊಟ್ಟ ಹಿರಿಯರಿಗಿಂತ ತಾನೇನು ದೊಡ್ಡವನೇ? ಎಂದುಕೊಂಡು ಆ ಸಾಲನ್ನೂ ಎರಡು ಸಾಲು ಮಾಡಿ ಅಚ್ಚಿಗೆ ಕೊಡುತ್ತಿದ್ದ. ಪಂಡಿತರಿಬ್ಬರೂ ಅವನನ್ನು ಬಹಳ ಮೆಚ್ಚಿದ್ದರು.

ಮುದ್ರಣಾಲಯ ಮುಚ್ಚಿದಾಗ ಅವನ ಕೈ ಹಿಡಿದವನು ಲಕ್ಷ್ಮೀಪತಿ. ಮೂವತ್ತು ದಾಟದ ಈ ಉತ್ಸಾಹಿ ರಾಜಾಜಿನಗರದಲ್ಲಿ ಹೋಟೆಲೊಂದರ ಮಹಡಿಯ ಮೇಲೆ ‘ಗಣಿತಸೌರಭ’ ಎಂಬ ಕಂಪ್ಯೂಟರ್ ಜಾತಕ ಕೇಂದ್ರ ತೆರೆದಿದ್ದ. ಅಲ್ಲಿ ದೇವರ ಮನೆಗೂ ಇಲ್ಲದ ಮಡಿ. ಚಪ್ಪಲಿ ಹೊರಗೆ ಬಿಡಬೇಕು, ಕೈ ಒರೆಸಿಕೊಳ್ಳಬೇಕು, ಕೆಮ್ಮು ಬಂದರೆ ಬಾಲ್ಕನಿಗೆ ಹೋಗಬೇಕು. ಕೆಳಗಿನ ಒಗ್ಗರಣೆಯ ವಾಸನೆಯನ್ನು ಮಾತ್ರ ಯಾರೂ ತಡೆಯಲಾಗುತ್ತಿರಲಿಲ್ಲ. ಜನ ಹುಟ್ಟಿದ ದಿನ, ಗಂಟೆ, ಊರು ಬರೆದುಕೊಟ್ಟು ಕೂತರೆ ಪ್ರಿಂಟರು ಕರಕರ ಸದ್ದು ಮಾಡುತ್ತ ಅಂಚಿಗೆಲ್ಲ ತೂತಿರುವ ಉದ್ದನೆಯ ಕಾಗದದಲ್ಲಿ ಅವರ ಹಣೆಬರಹವನ್ನು ಮಡಿಕೆಮಡಿಕೆಯಾಗಿ ಹೊರಹಾಕುತ್ತಿತ್ತು.

ಪ್ರೋಗ್ರಾಮ್ ಬರೆಯುವವರು ಇಬ್ಬರು. ಬೆಳಗಿನ ಹೊತ್ತು ಶಂಭುಲಿಂಗಪ್ಪನವರು, ಕಾಲೇಜಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. ಮಧ್ಯಾಹ್ನದ ಹೊತ್ತು ಗಿರಿಜಾದೇವಿ, ಎಂಎಸ್ಸಿ ಮುಗಿಸಿ ಎರಡು ವರ್ಷವಾಗಿದ್ದ ಹುಡುಗಿ. ಇದ್ದ ಕಂಪ್ಯೂಟರ್ ಒಂದೇ ಆದ್ದರಿಂದ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಆದರೆ ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡುತ್ತಿದ್ದರು, ನೋಡಿ ಅಳಿಸುತ್ತಿದ್ದರು. ಬೆಳಗ್ಗೆ ಅವರು ಕಟ್ಟಿದ್ದನ್ನು ಮಧ್ಯಾಹ್ನ ಇವಳು ಕೆಡವುವುದು, ಮಾರನೆಯ ಬೆಳಗ್ಗೆ ಅವರು ಮತ್ತೆ ಕಟ್ಟುವುದು, ಹೀಗೆ ಒಂದು ತಿಂಗಳು ನಡೆದ ಮೇಲೆ ಲಕ್ಷ್ಮೀಪತಿ ತಲೆಯ ಮೇಲೆ ಕೈಹೊತ್ತು ಕೂತ. ಆಗ ವೆಂಕಟಗಿರಿಯ ದಿನ ಬಂತು.

ಅವನು ಇಬ್ಬರಿಗೂ ಮೂಲ ಪ್ರೋಗ್ರಾಮಿನ ಒಂದೊಂದು ಪ್ರತಿಯನ್ನು ಬೇರೆಬೇರೆ ಫ್ಲಾಪಿಯಲ್ಲಿ ಹಾಕಿಕೊಟ್ಟ. ಪ್ರೋಗ್ರಾಮಿನ ಪ್ರತಿ ಸಾಲಿಗೂ ನಂಬರು ಇತ್ತಲ್ಲ, ಅದನ್ನು ಸೈಟು ಹಂಚಿದ ಹಾಗೆ ಹಂಚಿದ. ಐದು ಸಾವಿರದವರೆಗೆ ಶಂಭುಲಿಂಗಪ್ಪನವರದು, ಅಲ್ಲಿಂದಾಚೆ ಗಿರಿಜಾದೇವಿಯದು, ಐದು ಸಾವಿರನೆಯ ಸಾಲು ಯಾರದ್ದೂ ಅಲ್ಲ, ಗಡಿ. ಶನಿವಾರ ಎರಡು ಪ್ರತಿಗಳನ್ನೂ ಪ್ರಿಂಟು ಹಾಕಿ ನೆಲದ ಮೇಲೆ ಹಾಸಿ, ಅವರ ತಿದ್ದುಪಡಿಗೆ ಕೆಂಪು ಪೆನ್ಸಿಲು, ಇವಳದಕ್ಕೆ ನೀಲಿ ಪೆನ್ಸಿಲು ಎಳೆದು, ಕೆಂಪೂ ನೀಲಿಯೂ ಒಂದೇ ಸಾಲಿನ ಮೇಲೆ ಬಿದ್ದಿಲ್ಲ ಎಂದು ಖಾತ್ರಿಯಾದ ಮೇಲೆ ಎರಡನ್ನೂ ಕಂಪ್ಯೂಟರಿನಲ್ಲಿ ಕೂಡಿಸುತ್ತಿದ್ದ. ಮೂರು ವರ್ಷದಲ್ಲಿ ಒಮ್ಮೆಯೂ ಬಣ್ಣದ ಮೇಲೆ ಬಣ್ಣ ಬೀಳಲಿಲ್ಲ. ಇದಕ್ಕೆ ಫಾರಿನ್‌ನಲ್ಲಿ ಬೇರೆಯೇ ಒಂದು ಪ್ರೋಗ್ರಾಮ್ ಇಟ್ಟಿರುತ್ತಾರೆ ಎಂದು ಲಕ್ಷ್ಮೀಪತಿ ಯಾವುದೋ ಪತ್ರಿಕೆಯಲ್ಲಿ ಓದಿದ್ದ. “ನಮಗ್ಯಾಕೆ ಅದೆಲ್ಲ? ನಮ್ಮ ಹತ್ರ ವೆಂಕಟಗಿರಿ ಇದಾರೆ” ಎಂದು ಬಂದವರಿಗೆಲ್ಲ ತೋರಿಸುತ್ತಿದ್ದ.

ಎಂಬತ್ತೇಳರ ಆಷಾಢದಲ್ಲಿ ಒಂದು ದೂರು ಬಂತು. ಕಂಪ್ಯೂಟರ್ ಹೇಳುವ ಲಗ್ನಕ್ಕೂ ಪುರೋಹಿತರು ಹೇಳುವ ಲಗ್ನಕ್ಕೂ ಒಮ್ಮೊಮ್ಮೆ ತಾಳೆಯಾಗುತ್ತಿರಲಿಲ್ಲ. ಕಾರಣ ಚಿಕ್ಕದು. ಗಡಿಯಾರದ ಸಮಯ ದೇಶಕ್ಕೆಲ್ಲ ಒಂದೇ, ಆದರೆ ಬೆಂಗಳೂರಿನ ಸೂರ್ಯ ಅದಕ್ಕಿಂತ ಸುಮಾರು ಇಪ್ಪತ್ತು ನಿಮಿಷ ಹಿಂದೆ. ಜಾತಕ ಬರೆಯುವವರು ಆ ಇಪ್ಪತ್ತು ನಿಮಿಷ ಕಳೆದೇ ಲಗ್ನ ಕಟ್ಟುತ್ತಾರೆ, ಕಂಪ್ಯೂಟರಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಇದನ್ನು ಯಾರಿಗೆ ವಹಿಸುವುದು ಎಂದು ವೆಂಕಟಗಿರಿ ಎರಡು ದಿನ ಯೋಚಿಸಿದ. ಶಂಭುಲಿಂಗಪ್ಪನವರಿಗೆ ಕೊಟ್ಟರೆ ಗಿರಿಜಾದೇವಿಗೆ ಬೇಜಾರು, ಇವಳಿಗೆ ಕೊಟ್ಟರೆ ಅವರ ಹಿರಿತನಕ್ಕೆ ಕುಂದು. ಕೊನೆಗೆ ಬೆಳಗ್ಗೆ ಅವರಿಗೆ, “ಇದು ನಿಮ್ಮಿಂದಲೇ ಆಗಬೇಕು ಸಾರ್” ಎಂದ. ಮಧ್ಯಾಹ್ನ ಇವಳಿಗೆ, “ನೀನೇ ನೋಡಬೇಕಮ್ಮ ಇದನ್ನ” ಎಂದ. ಒಬ್ಬರಿಗೆ ಹೇಳಿದ್ದನ್ನು ಇನ್ನೊಬ್ಬರಿಗೆ ಹೇಳಲಿಲ್ಲ.

ಇಬ್ಬರೂ ನೋಡಿದರು. ಶಂಭುಲಿಂಗಪ್ಪನವರು ಜನನಕಾಲ ಒಳಗೆ ಬರುವ ಕಡೆ, ತಮ್ಮ ಸಾಲುಗಳಲ್ಲಿ, ಇಪ್ಪತ್ತು ನಿಮಿಷ ಕಳೆದರು. ಗಿರಿಜಾದೇವಿ ಲಗ್ನ ಲೆಕ್ಕಹಾಕುವ ಕಡೆ, ತನ್ನ ಸಾಲುಗಳಲ್ಲಿ, ಇಪ್ಪತ್ತು ನಿಮಿಷ ಕಳೆದಳು. ಇಬ್ಬರೂ ತಮ್ಮ ತಮ್ಮ ಪ್ರತಿಯನ್ನು ಪರೀಕ್ಷೆ ಮಾಡಿದರು, ಎರಡೂ ಸರಿ ಬಂದವು. ಶನಿವಾರ ವೆಂಕಟಗಿರಿ ಕಾಗದ ಹಾಸಿ ನೋಡಿದಾಗ ಕೆಂಪು ಗೆರೆ ಎರಡನೆಯ ಮಡಿಕೆಯಲ್ಲಿತ್ತು, ನೀಲಿ ಗೆರೆ ಹನ್ನೊಂದನೆಯದರಲ್ಲಿ. ಒಂದರ ಮೇಲೊಂದು ಬಿದ್ದಿರಲಿಲ್ಲ. ಅವನಿಗೆ ಬೇರೆ ಏನನ್ನೂ ನೋಡುವ ಪದ್ಧತಿಯೇ ಇರಲಿಲ್ಲ. ಎರಡನ್ನೂ ಕೂಡಿಸಿ, ಕೈ ತೊಳೆದುಕೊಂಡು, ಕೆಳಗೆ ಹೋಗಿ ಖಾಲಿ ದೋಸೆ ತಿಂದ. ಅಂದಿನಿಂದ ಗಣಿತಸೌರಭದಲ್ಲಿ ಹುಟ್ಟಿದವರೆಲ್ಲ ಇಪ್ಪತ್ತು ನಿಮಿಷ ಮೊದಲೇ ಹುಟ್ಟತೊಡಗಿದರು.

ಶ್ರಾವಣ ಬಂತು, ಮದುವೆ ಮಾತುಕತೆಗಳು ಶುರುವಾದವು. ವೆಂಕಟಗಿರಿಯ ಒಬ್ಬಳೇ ಮಗಳು ಕೋಕಿಲಾ ಬಿಎಸ್ಸಿ ಮುಗಿಸಿ ಹೊಸಹಳ್ಳಿಯ ಶಿಶುವಿಹಾರದಲ್ಲಿ ಪಾಠ ಹೇಳುತ್ತಿದ್ದಳು. ಇಪ್ಪತ್ತಮೂರು ತುಂಬಿತ್ತು. ಮೂರು ಗಂಡುಗಳಿಗೆ ಕಾಫಿ ಕೊಟ್ಟು, ಮೂವರ ಬಗ್ಗೆಯೂ ಏನೂ ಹೇಳದೆ ಲೋಟ ತೊಳೆದಿಟ್ಟಿದ್ದಳು. ನಾಲ್ಕನೆಯದು ಬಸವೇಶ್ವರನಗರದ ಸಂಬಂಧ, ಟೆಲಿಫೋನ್ ಇಲಾಖೆಯಿಂದ ನಿವೃತ್ತರಾದ ಶ್ಯಾಮಸುಂದರ ಎಂಬವರ ಮಗ. ಹಿರಿಯರು ಗೋತ್ರ ವಿಚಾರಿಸುತ್ತಿದ್ದಾಗ ಆ ಹುಡುಗ ಅವಳನ್ನು ತಗ್ಗಿದ ದನಿಯಲ್ಲಿ ಕೇಳಿದ:

“ನಿಮಗೆ ಸಂಗೀತ ಬರತ್ತೆ ಅಂತ ಬರ್ದಿದ್ರು. ನಿಜವಾಗ್ಲೂ ಬರತ್ತಾ?”

“ಇಲ್ಲ. ಅಪ್ಪ ಬರೆದದ್ದು.”

“ನಾನು ಟೆನಿಸ್ ಆಡ್ತೀನಿ ಅಂತ ನಮ್ಮಪ್ಪಾನೂ ಬರ್ದಿದಾರೆ.”

ಇಬ್ಬರೂ ನಕ್ಕದ್ದನ್ನು ಅನಂತಲಕ್ಷ್ಮಿ ಕಂಡಳು. ಅವರು ಹೋದ ಮೇಲೆ ಕೋಕಿಲಾ ಲೋಟ ತೊಳೆಯುತ್ತ, ಯಾರೂ ಕೇಳದೆ, “ಇವರಾದ್ರೆ ಆಗಬಹುದು ಅಮ್ಮ” ಎಂದಳು. ವೆಂಕಟಗಿರಿಗೆ ಎಷ್ಟು ಸಂತೋಷವಾಯಿತೆಂದರೆ, ಹಜಾರದಲ್ಲಿ ನಿಂತು ಕನ್ನಡಕ ಒರೆಸಿದ್ದನ್ನೇ ಒರೆಸುತ್ತಿದ್ದ.

ಜಾತಕ ಕೂಡಿಸುವುದೊಂದು ಉಳಿದಿತ್ತು. ಮನೆಯಲ್ಲಿ ಕೋಕಿಲಾಳ ಜಾತಕ ಇತ್ತು, ಅವಳಜ್ಜ ಕೈಯಾರೆ ಬರೆಸಿದ್ದು, ತುಲಾ ಲಗ್ನ, ಯಾವ ದೋಷವೂ ಇಲ್ಲ. ಶ್ಯಾಮಸುಂದರರು ಅದನ್ನೇ ಕೇಳಿದರು. ಆದರೆ ಮೂರು ವರ್ಷ ಕಂಪ್ಯೂಟರಿನ ಅನ್ನ ತಿಂದವನು ಸುಮ್ಮನಿರುತ್ತಾನೆಯೇ? “ಕೈಬರಹದ್ದು ನಂಬಬೇಡಿ ಸಾರ್, ತಪ್ಪುಗಳಿರ್ತವೆ. ನಮ್ಮ ಸೆಂಟರಿಗೆ ನೀವೇ ಹೋಗಿ ಇಬ್ಬರದ್ದೂ ಹಾಕಿಸಿ. ನಾನು ಆವತ್ತು ರಜ ಹಾಕ್ತೀನಿ, ಹುಡುಗಿ ತಂದೆ ಕೈ ಆಡಿಸಿದ ಅಂತ ಆಗಬಾರದು” ಎಂದ. ಶ್ಯಾಮಸುಂದರರು ಇಂಥ ಪ್ರಾಮಾಣಿಕ ಬೀಗರು ಸಿಕ್ಕುವುದುಂಟೇ ಎಂದು ತಲೆದೂಗಿದರು. ಸೋಮವಾರ ಹೋಗಿ ಹಾಕಿಸಿದರು. ಗುರುವಾರ ಪೋಸ್ಟ್‌ಕಾರ್ಡ್ ಬಂತು. ಗುಣಗಳು ಕೂಡುತ್ತವೆ, ಆದರೆ ಕನ್ಯೆಗೆ ಕುಜದೋಷ ಕಂಡುಬಂದಿದೆ, ವರನಿಗೆ ಇಲ್ಲ, ಅನ್ಯಥಾ ಭಾವಿಸಬಾರದು.

ಕೋಕಿಲಾ ಕಾರ್ಡನ್ನು ಎರಡು ಸಲ ಓದಿ ಗೂಡಿನಲ್ಲಿಟ್ಟು ಶಾಲೆಗೆ ಹೋದಳು. ಅನಂತಲಕ್ಷ್ಮಿ ಮಾತ್ರ, “ನಮ್ಮ ಮಾವ ಬರೆಸಿದ್ದು ಸುಳ್ಳಾ ಹಾಗಾದ್ರೆ?” ಎಂದು ಕೇಳಿದಳು. “ಅದೂ ಸುಳ್ಳಲ್ಲ...” ಎಂದು ಶುರುಮಾಡಿದ ವೆಂಕಟಗಿರಿ ಅರ್ಧಕ್ಕೇ ಬಿಟ್ಟು ಶರ್ಟು ಹಾಕಿಕೊಂಡು ಸೆಂಟರಿಗೆ ನಡೆದ.

ಅಲ್ಲಿ ಮಗಳ ಜಾತಕವನ್ನು ಮತ್ತೆ ಹಾಕಿ ನೋಡಿದ. ಕನ್ಯಾ ಲಗ್ನ, ಇಪ್ಪತ್ತೆಂಟು ಡಿಗ್ರಿ, ಇನ್ನೆರಡು ದಾಟಿದ್ದರೆ ತುಲಾ; ಏಳನೆಯ ಮನೆಯಲ್ಲಿ ಕುಜ. ಪೆನ್ಸಿಲು ಹಿಡಿದು ಕೈಲೆಕ್ಕ ಮಾಡಿದ. ತುಲಾ ಲಗ್ನ, ಕುಜ ಆರನೆಯ ಮನೆ, ದೋಷದ ಸುಳಿವೇ ಇಲ್ಲ. ಪ್ರೋಗ್ರಾಮನ್ನು ಪೂರಾ ಪ್ರಿಂಟು ಹಾಕಿ, ನೆಲದ ಮೇಲೆ ಹಾಸಿ, ಜೀವನದಲ್ಲಿ ಮೊದಲ ಸಲ ಬಣ್ಣ ನೋಡದೆ ಸಾಲುಗಳನ್ನು ಓದಿದ. ಎರಡನೆಯ ಮಡಿಕೆಯಲ್ಲಿ ಇಪ್ಪತ್ತು ನಿಮಿಷ ಕಳೆದಿತ್ತು. ಹನ್ನೊಂದನೆಯದರಲ್ಲಿ ಮತ್ತೆ ಇಪ್ಪತ್ತು. ಮಗಳ ಮೇಲೆ ಕುಜನನ್ನು ತಂದು ಕೂರಿಸಿದವನು ತಾನೇ.

ಈಗ ಒಂದು ಸಾಲು ತೆಗೆಯಬೇಕು. ಮರುದಿನ ಬೆಳಗ್ಗೆ ಶಂಭುಲಿಂಗಪ್ಪನವರನ್ನು ಕೇಳಿದ.

“ಕಾಲು ತೊಳ್ಕೊಂಡು ತಾನೇ ಒಳಗೆ ಬರೋದು?” ಎಂದರು ಅವರು. “ಕಾಲಶುದ್ಧಿ ಬಾಗಿಲಲ್ಲೇ ಆಗಬೇಕು. ಆ ಹುಡುಗಿದು ತೆಗೀರಿ.”

ಮಧ್ಯಾಹ್ನ ಗಿರಿಜಾದೇವಿಯನ್ನು ಕೇಳಿದ.

“ಬಾಗಿಲಲ್ಲೇ ಕಳೆದ್ರೆ ಚಂದ್ರನೂ ಹಿಂದಕ್ಕೆ ಹೋಗ್ತಾನೆ ಸಾರ್. ಲಗ್ನಕ್ಕೆ ಮಾತ್ರ ಕಳೀಬೇಕು. ಮೇಷ್ಟ್ರನ್ನ ಒಂದು ಹತ್ತು ನಿಮಿಷ ಕೂರ್ಸಿ, ನಾನೇ ಹೇಳ್ತೀನಿ.”

ಹತ್ತು ನಿಮಿಷ. ಇಬ್ಬರೂ ಎದುರುಬದುರು ಕೂತು, ದನಿ ಏರಿಸಿ, ಒಬ್ಬರು ಸೋತು ಎದ್ದು ಹೋಗುವುದನ್ನು ನೆನೆದೇ ವೆಂಕಟಗಿರಿ ಅವಸರದಲ್ಲಿ ಪ್ರಿಂಟನ್ನು ಮಡಿಸತೊಡಗಿದ. “ಬೇಡಮ್ಮ, ನಾನು ನೋಡ್ಕೋತೀನಿ” ಎಂದ. ಅಂದು ಸಂಜೆ ಗಡಿಯ ಸಾಲಿನಲ್ಲಿ, ಐದು ಸಾವಿರದಲ್ಲಿ, ಒಂದು ಹೊಸ ಸಾಲು ಬರೆದ. ಅದು ಇಪ್ಪತ್ತು ನಿಮಿಷ ಕೂಡಿಸುತ್ತಿತ್ತು. ಅವರು ಕಳೆಯುತ್ತಾರೆ, ಇವನು ಕೂಡಿಸುತ್ತಾನೆ, ಇವಳು ಮತ್ತೆ ಕಳೆಯುತ್ತಾಳೆ. ಲೆಕ್ಕ ಸರಿ ಬಂತು, ಯಾರ ಸಾಲೂ ಹೋಗಲಿಲ್ಲ, ಯಾರಿಗೂ ಬೇಜಾರಿಲ್ಲ. ಕೋಕಿಲಾ ತುಲಾ ಲಗ್ನದಲ್ಲಿ ಮತ್ತೆ ಹುಟ್ಟಿದಳು.

ಆರು ವಾರದಲ್ಲಿ ತಪ್ಪಾಗಿ ಹೋದ ಜಾತಕಗಳನ್ನೇನು ಮಾಡುವುದು ಎಂದು ಲಕ್ಷ್ಮೀಪತಿಯನ್ನು ಕೇಳಿದ. ಲಕ್ಷ್ಮೀಪತಿ ಅವನಿಂದಲೇ ಕಲಿತವನು. “ಬಂದು ಕೇಳಿದವರಿಗೆ ಹೊಸದು ಕೊಡಿ. ಕೇಳದವರಿಗೆ ಹಳೇದೇ ಇರಲಿ. ಸುಮ್ನೆ ಯಾಕೆ ಗಲಾಟೆ?” ಎಂದ. ವೆಂಕಟಗಿರಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಮನೆಗೆ ಬಂದು ಹೊಸ ಪ್ರಿಂಟನ್ನು ಮಗಳ ಕೈಗೆ ಕೊಟ್ಟು, ಎರಡು ಸಲ ಕಳೆದ ಇಪ್ಪತ್ತು ನಿಮಿಷದ ಕಥೆಯನ್ನೆಲ್ಲ ಹೇಳಿದ. ಅವಳು ಕಾಗದದ ತೂತಿನ ಅಂಚನ್ನು ನಿಧಾನವಾಗಿ ಹರಿಯುತ್ತ ಕೇಳಿಸಿಕೊಂಡಳು.

“ಭಾನುವಾರ ಹೋಗಿ ಹೇಳ್ತೀರಾ ಅಪ್ಪಾ?”

“ಹೇಳದೆ ಇರ್ತೀನಾ?”

ಭಾನುವಾರ ಬೆಳಗ್ಗೆ ಅವಳೇ ಅವನ ಶರ್ಟು ಇಸ್ತ್ರಿ ಮಾಡಿಕೊಟ್ಟಳು.

ಬಸವೇಶ್ವರನಗರದಲ್ಲಿ ಶ್ಯಾಮಸುಂದರರು ಬಾಗಿಲಲ್ಲೇ ಕೈಹಿಡಿದು ಒಳಗೆ ಕರೆದರು. ಕೂರುವ ಮೊದಲೇ ತಟ್ಟೆಯಲ್ಲಿ ಮೈಸೂರುಪಾಕು ಬಂತು.

“ಒಳ್ಳೆ ದಿನ ಬಂದ್ರಿ. ನಿನ್ನೆ ತಾನೇ ಮಾತು ಮುಗೀತು, ಚಾಮರಾಜಪೇಟೆ ಕಡೆಯವರು. ನಿಮ್ಮ ಸೆಂಟರಲ್ಲೇ ಹಾಕ್ಸಿದ್ದು, ನೋಡಿ” ಎಂದು ಪ್ರಿಂಟನ್ನು ತಂದು ಅವನ ತೊಡೆಯ ಮೇಲಿಟ್ಟರು. “ಮೂವತ್ತೊಂದು ಗುಣ. ದೋಷದ ಮಾತೇ ಇಲ್ಲ.”

ವೆಂಕಟಗಿರಿಯ ಕಣ್ಣು ಅಭ್ಯಾಸಬಲದಿಂದ ತಾರೀಖಿಗೆ ಹೋಯಿತು. ಸೆಂಟರಿನ ಆ ಆರು ವಾರಗಳೊಳಗಿನದು. ಅಲ್ಲಿಂದ ಲಗ್ನಕ್ಕೆ ಹೋಯಿತು. ಮಕರ, ಇಪ್ಪತ್ತೇಳು ಡಿಗ್ರಿ. ಇಪ್ಪತ್ತು ನಿಮಿಷ ಮುಂದಕ್ಕೆ ತಂದರೆ ಕುಂಭ. ಮಕರದಿಂದ ಒಂಬತ್ತನೆಯ ಮನೆಯಲ್ಲಿ ನಿರುಪದ್ರವಿಯಾಗಿ ಕೂತಿದ್ದ ಕುಜ, ಕುಂಭದಿಂದ ಎಣಿಸಿದರೆ ದೋಷದ ಎಂಟನೆಯ ಮನೆಗೆ ಬರುತ್ತಿದ್ದ. ಬೆರಳು ಮಡಚಿ ಇನ್ನೊಮ್ಮೆ ಎಣಿಸಿದ. ಎಂಟೇ. ಅವನ ಮಗಳಿಗೆ ಇಲ್ಲದ ದೋಷ ಹಚ್ಚಿದ ಪ್ರೋಗ್ರಾಮೇ ಈ ಹುಡುಗಿಗೆ ಇದ್ದ ದೋಷವನ್ನು ಒರೆಸಿ ಹಾಕಿತ್ತು.

ಇದನ್ನು ಎರಡು ಸಾಲು ಮಾಡಿ ಅಚ್ಚಿಗೆ ಕೊಡುವ ಹಾಗಿರಲಿಲ್ಲ. ತನ್ನ ಮಗಳದ್ದು ತಪ್ಪು ಎಂದರೆ ಇವಳದ್ದೂ ತಪ್ಪು. ಬಾಯಿ ಬಿಟ್ಟರೆ ಕೋಕಿಲಾಳ ಹೆಸರು ಉಳಿಯುತ್ತದೆ, ಬಹುಶಃ ಸಂಬಂಧವೂ ಉಳಿಯುತ್ತದೆ, ಆದರೆ ಈ ಮನೆಯಲ್ಲಿ ಈಗಲೇ ರಂಪವೇಳುತ್ತದೆ. ಚಾಮರಾಜಪೇಟೆಯವರು ಬರುತ್ತಾರೆ, ಲಕ್ಷ್ಮೀಪತಿ ಬರುತ್ತಾನೆ, ಎಲ್ಲರೂ ಅವನ ಕಡೆ ಬೆರಳು ಮಾಡುತ್ತಾರೆ. ಬಾಯಿ ಮುಚ್ಚಿಕೊಂಡರೆ ಏನೂ ಆಗುವುದಿಲ್ಲ. ಒಳಕೋಣೆಯ ಬಾಗಿಲಲ್ಲಿ ಆ ಹುಡುಗ ಕಾಣಿಸಿಕೊಂಡು, ಇವನನ್ನು ನೋಡಿ ಏನೋ ಕೇಳಬೇಕೆಂದುಕೊಂಡವನ ಹಾಗೆ ನಿಂತ.

“ನೀವು ಏನೋ ಹೇಳೋಕೆ ಬಂದ ಹಾಗಿತ್ತು?” ಎಂದರು ಶ್ಯಾಮಸುಂದರರು.

“ಏನಿಲ್ಲ ಸಾರ್. ಈ ಕಡೆ ಬಂದಿದ್ದೆ. ಪೋಸ್ಟ್‌ಕಾರ್ಡ್ ಬರ್ದಿದ್ರಲ್ಲ, ನಮಗೇನೂ ಬೇಜಾರಿಲ್ಲ ಅಂತ ಹೇಳಿ ಹೋಗೋಣ ಅಂತ. ಇದು ಬಹಳ ಒಳ್ಳೆ ಸಂಬಂಧ.”

ಮೈಸೂರುಪಾಕು ಪೂರಾ ತಿಂದು, ನೀರು ಕುಡಿದು, ಎದ್ದ. ಪ್ಯಾಂಟಿನ ಜೇಬಿನಲ್ಲಿ ಹೊಸ ಪ್ರಿಂಟು ಮಡಿಸಿದ್ದು ಮಡಿಸಿದ ಹಾಗೇ ಇತ್ತು. ಇನ್ನೊಬ್ಬರ ಮಗಳ ಮದುವೆ ಕೆಡದಿರಲಿ ಎಂದು ಸುಮ್ಮನಾದ, ಎಂಥ ದೊಡ್ಡ ಮನಸ್ಸು ಎಂದು ಯಾರಾದರೂ ಹೇಳಬಹುದು. ಬಸ್ಸಿನಲ್ಲಿ ಅವನೂ ತನಗೆ ತಾನೇ ಅದನ್ನೇ ಹೇಳಿಕೊಳ್ಳುತ್ತಿದ್ದ. ವಿಜಯನಗರದ ಸ್ಟಾಪು ಬರುವ ಹೊತ್ತಿಗೆ ಅವನಿಗೇ ಅದು ಹಿಡಿಸದಾಯಿತು.

ಮನೆಯಲ್ಲಿ ಊಟದ ಹೊತ್ತು. ಅನಂತಲಕ್ಷ್ಮಿ ಅವನ ಮುಖ ನೋಡಿ ಒಳಗೆ ಹೋದಳು. ಕೋಕಿಲಾ ಮಣೆ ಹಾಕುತ್ತಿದ್ದವಳು ಹಾಗೇ ನಿಂತಳು.

“ಹೇಳಿದ್ರಾ?”

“ಅವರಿಗೆ ಬೇರೆ ಕಡೆ ಗೊತ್ತಾಗಿದೆ ಕಣಮ್ಮ. ಆ ಹುಡುಗೀದೂ ನಮ್ಮ ಸೆಂಟರಿನದೇ, ಅದೇ ತಪ್ಪು. ಸರಿಯಾಗಿ ನೋಡಿದ್ರೆ ದೋಷ ಅವಳಿಗಿದೆ. ನಾನು ಹೇಳಿದ್ರೆ ಅದು ಮುರೀತಿತ್ತು.”

“ಅಂದ್ರೆ ಹೇಳ್ಲಿಲ್ಲ.”

“ಕೇಳಿದವರಿಗೆ ಹೊಸ ಪ್ರಿಂಟು ತೋರಿಸೋಣ. ಬೇರೆ ಸಂಬಂಧ ಬರತ್ತೆ...”

ಅವಳು ಸಿಡಿಯುತ್ತಾಳೆ ಎಂದುಕೊಂಡ. ನನ್ನ ಪರವಾಗಿ ಒಂದು ಮಾತು ಆಡಲಾರದೆ ಹೋದಿರಲ್ಲ ಎನ್ನುತ್ತಾಳೆ, ಅಳುತ್ತಾಳೆ, ಮಣೆ ಎತ್ತಿ ಎಸೆಯುತ್ತಾಳೆ. ನಲವತ್ತೆಂಟು ವರ್ಷ ಜಗಳಕ್ಕೆ ಹೆದರಿ ಬದುಕಿದವನಿಗೆ ಅವಳು ಬೈಯಲಿ ಎಂದು ಜೀವ ಹಂಬಲಿಸಿತು. ಕೋಕಿಲಾ ಮಣೆಯನ್ನು ಗೋಡೆಗೆ ಸರಿಯಾಗಿ ಕೂಡಿಸಿ, ತಟ್ಟೆ ಇಟ್ಟು, ನೀರಿಟ್ಟಳು. ಅವನು ಕೂತ. ಆಮೇಲೆ ಮಾಮೂಲು ದನಿಯಲ್ಲೇ ಕೇಳಿದಳು:

“ಆ ಹುಡುಗಿ ಹೆಸರೇನು ಅಪ್ಪಾ?”

ವೆಂಕಟಗಿರಿ ತಲೆಯೆತ್ತಿದ. ಆ ಹುಡುಗಿ ಹುಟ್ಟಿದ ವರ್ಷ, ತಿಂಗಳು, ಗಂಟೆ, ನಿಮಿಷ, ಎಲ್ಲವೂ ಅವನಿಗೆ ನೆನಪಿತ್ತು. ಹೆಸರನ್ನು ಅವನು ನೋಡಿಯೇ ಇರಲಿಲ್ಲ.

“ಅವಳಿಗಾದ್ರೂ ಒಂದು ಕಾಗದ ಬರೀಬೇಕು” ಎಂದಳು ಕೋಕಿಲಾ. “ಮದುವೆ ಆದ್ಮೇಲೆ ಬೇರೆ ಯಾರೋ ಜಾತಕ ನೋಡಿ ಅವಳ ಮುಖಕ್ಕೆ ಹೇಳೋ ಮೊದಲು. ನೀವು ಊಟ ಮಾಡಿ, ನಾನು ಬಸವೇಶ್ವರನಗರಕ್ಕೆ ಹೋಗಿ ಕೇಳ್ಕೊಂಡು ಬರ್ತೀನಿ.”

ಅವಳು ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದು ಹೋದ ಮೇಲೂ ಅವನು ತಟ್ಟೆಯ ಮುಂದೆ ಕೂತೇ ಇದ್ದ.